ಹೆಸರು ಉಳಿಯಿತು, ಕೈ ಬದಲಾಯಿತು: ವೇಗದ ಬೋಟುಗಳ ಒಂದು ಚರಿತ್ರೆ

ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಕಡಲ ಬದಿಯವರು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬನ ತಂದೆ ಒಂದು ಹಳೆಯ ಫೈಬರ್ ದೋಣಿ ಕೊಂಡರು. ಮನೆಯಲ್ಲಿದ್ದ ಚಿನ್ನ ಅಡವಿಟ್ಟು, ಸ್ವಲ್ಪ ಸಾಲ ಮಾಡಿ ಹೊಂದಿಸಿದ ಹಣ ಅದು. ಮೂರು ತಿಂಗಳು ಕಳೆಯುವುದರೊಳಗೆ ಎಂಜಿನ್ ತೂಗುಹಾಕುವ ಹಿಂಬದಿಯ ಪಲಗೆ ಬಿರುಕು ಬಿಟ್ಟಿತು. ಫೈಬರ್ ಕೆರೆದು ನೋಡಿದರೆ ಒಳಗಿನ ಪ್ಲೈವುಡ್ ನೆನೆದು ಹಿಟ್ಟಿನಂತಾಗಿತ್ತು. ಪೋಷಕರ ಸಭೆಗೆ ಬಂದಿದ್ದ ಅವರು ನನ್ನಲ್ಲಿ ಹೇಳಿದ ಮಾತು ಇಷ್ಟೆ: "ಮಾಷ್ಟ್ರೇ, ಒಳ್ಳೆ ಹೆಸರಿನ ದೋಣಿ ಅಂತಲೇ ತೆಕ್ಕೊಂಡದ್ದು. ಹೆಸರು ಹೊರಗೆ ಉಂಟು, ಒಳಗೆ ಮರ ಇಲ್ಲ."

ಮರುದಿನ ಚರಿತ್ರೆಯ ಪಾಠದ ನಡುವೆ ಆ ಹುಡುಗ ಎದ್ದುನಿಂತು ಕೇಳಿದ: "ಸರ್, ಹಾಗಾದರೆ ಹೆಸರು ನೋಡಿ ಕೊಳ್ಳುವುದು ತಪ್ಪಾ?"

ಆ ಹೊತ್ತಿಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಆಮೇಲೆ ಒಂದಷ್ಟು ದಿನ ಓದಿದೆ. ಬೋಟುಗಳ ಹೆಸರಿಗೆ ಅತಿ ಹೆಚ್ಚು ಬೆಲೆ ಇರುವುದು ಅಮೆರಿಕದ ವೇಗದ ಬೋಟುಗಳ ಲೋಕದಲ್ಲಿ. ಅಲ್ಲಿ ಒಂದು ಹಳೆಯ ಬೋಟಿನ ಬದಿಯಲ್ಲಿ ಬರೆದಿರುವ ಹೆಸರು ಸಿಗರೆಟ್ ಎಂದೋ ಡೊಂಜಿ ಎಂದೋ ಫೌಂಟನ್ ಎಂದೋ ಇದ್ದರೆ ಕೊಳ್ಳುವವರ ಕಣ್ಣು ಅರಳುತ್ತದೆ. ಆ ಹೆಸರುಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಸಿಗುತ್ತದೆ ಎನಿಸಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ಮಕ್ಕಳೂ ಓದಲಿ, ಅವರ ತಂದೆ ತಾಯಂದಿರೂ ಓದಲಿ.

ಮೊದಲು ಆಲ್ಗೊನಾಕ್

ಕಥೆ ಶುರುವಾಗುವುದು ಸಮುದ್ರದ ಬದಿಯಲ್ಲಿ ಅಲ್ಲ, ಅಮೆರಿಕದ ಮಿಚಿಗನ್ ರಾಜ್ಯದ ಆಲ್ಗೊನಾಕ್ ಎಂಬ ನದಿ ದಂಡೆಯ ಊರಿನಲ್ಲಿ. ಅಲ್ಲಿ ಕ್ರಿಸ್ ಸ್ಮಿತ್ ಎಂಬ ದೋಣಿ ಕಟ್ಟುವವನಿದ್ದ. ಡೆಟ್ರಾಯಿಟ್‌ನಲ್ಲಿ ಗಾರ್ ವುಡ್ ಎಂಬ ಸಿರಿವಂತನಿದ್ದ. ಲಾರಿಯ ಹಿಂಬದಿಯನ್ನು ಎತ್ತಿ ಮಣ್ಣು ಸುರಿಯುವ ಹೈಡ್ರಾಲಿಕ್ ಯಂತ್ರವನ್ನು ರೂಪಿಸಿ ಹಣ ಮಾಡಿದವನು ಈತ. 1916ರಲ್ಲಿ ಗಾರ್ ವುಡ್ ಸ್ಮಿತ್ ಕಟ್ಟಿದ್ದ ರೇಸ್ ಬೋಟೊಂದನ್ನು ಕೊಂಡ. ಜೊತೆಗೆ ಅವನ ಕಾರ್ಖಾನೆಯಲ್ಲಿ ದೊಡ್ಡ ಪಾಲನ್ನೂ ಕೊಂಡ. ಒಬ್ಬನ ಕೈಚಳಕ, ಇನ್ನೊಬ್ಬನ ಹಣ ಮತ್ತು ಹುಚ್ಚು ಒಂದಾದವು.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ವಿಮಾನಕ್ಕಾಗಿ ತಯಾರಾಗಿದ್ದ ಲಿಬರ್ಟಿ ಎಂಜಿನ್‌ಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಗಾರ್ ವುಡ್ ಅವನ್ನು ರಾಶಿಗಟ್ಟಲೆ ಕೊಂಡು ಬೋಟಿಗೆ ಅಳವಡಿಸಿದ. 1931ರಲ್ಲಿ ಅವನ ಮಿಸ್ ಅಮೆರಿಕ 9 ಎಂಬ ಬೋಟು ಗಂಟೆಗೆ 100 ಮೈಲಿಯ ಗಡಿ ದಾಟಿತು. 1932ರಲ್ಲಿ ಮಿಸ್ ಅಮೆರಿಕ 10 ಗಂಟೆಗೆ 124 ಮೈಲಿಗೂ ಮಿಕ್ಕಿ, ಅಂದರೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಓಡಿತು. ಯುದ್ಧದಿಂದ ಉಳಿದ ಎಂಜಿನ್‌ನಿಂದ ಆರಂಭಿಸಿದವರು ಇವರು ಎಂಬುದು ನೆನಪಿರಲಿ.

ಅಷ್ಟರಲ್ಲಿ ಇಬ್ಬರೂ ಬೇರೆಯಾಗಿದ್ದರು. 1922ರಲ್ಲಿ ಸ್ಮಿತ್ ತನ್ನ ಮಕ್ಕಳೊಂದಿಗೆ ಸ್ವಂತ ಕಂಪೆನಿ ಆರಂಭಿಸಿದ. ಅದೇ ಮುಂದೆ ಕ್ರಿಸ್-ಕ್ರಾಫ್ಟ್ ಎಂದು ಹೆಸರಾಯಿತು. ಹೊಳೆಯುವ ಮಹಾಗನಿ ಮರದ ಬೋಟು ಎಂದರೆ ಕ್ರಿಸ್-ಕ್ರಾಫ್ಟ್ ಎನ್ನುವಷ್ಟು ಅದರ ಖ್ಯಾತಿ.

ಇನ್ನು ಮುಂದಿನದನ್ನು ಗಮನವಿಟ್ಟು ಓದಿ. 1960ರಲ್ಲಿ ಸ್ಮಿತ್ ಕುಟುಂಬ ಕಂಪೆನಿಯನ್ನು ನಾಫಿ ಎಂಬ ಸಂಸ್ಥೆಗೆ ಮಾರಿತು. ಕೊಂಡವರು ಎರಡು ವರ್ಷ ಕಳೆದು ತಮ್ಮ ಹೆಸರನ್ನೇ ಕ್ರಿಸ್-ಕ್ರಾಫ್ಟ್ ಇಂಡಸ್ಟ್ರೀಸ್ ಎಂದು ಬದಲಾಯಿಸಿಕೊಂಡರು! ಆ ಸಂಸ್ಥೆ ಟೆಲಿವಿಷನ್ ಕೇಂದ್ರಗಳನ್ನೂ ನಡೆಸುತ್ತಿತ್ತು. 1981ರಲ್ಲಿ ಅದು ಬೋಟಿನ ವ್ಯಾಪಾರವನ್ನು ಬೇರೆಯವರಿಗೆ ಮಾರಿತು. ಬೋಟು ಕಟ್ಟದ ಕಂಪೆನಿಗೆ ಬೋಟಿನ ಹೆಸರು ಉಳಿಯಿತು. ಬೋಟು ಕಟ್ಟುವ ಕೆಲಸ ಮುಂದೆ ಇನ್ನೂ ಹಲವು ಕೈಗಳನ್ನು ದಾಟಿತು. 1989ರಲ್ಲಿ ಔಟ್‌ಬೋರ್ಡ್ ಮರೀನ್ ಸಂಸ್ಥೆಗೆ, ಅದು ದಿವಾಳಿಯಾದ ಬಳಿಕ 2001ರಲ್ಲಿ ಸ್ಟೆಲಿಕನ್‌ಗೆ, 2018ರಲ್ಲಿ ವಿನೆಬೇಗೊ ಎಂಬ ಸಂಸ್ಥೆಗೆ. 1955ರ ಕ್ರಿಸ್-ಕ್ರಾಫ್ಟ್, 1985ರ ಕ್ರಿಸ್-ಕ್ರಾಫ್ಟ್, 2005ರ ಕ್ರಿಸ್-ಕ್ರಾಫ್ಟ್ ಮೂರಕ್ಕೂ ಹೆಸರು ಒಂದೇ. ಕಟ್ಟಿದ ಕೈ, ಬಳಸಿದ ವಸ್ತು, ಒಡೆಯ ಎಲ್ಲ ಬೇರೆ ಬೇರೆ.

ನಮ್ಮ ಕಡೆ ಮನೆ ಮಾರಿದರೂ ಮನೆಯ ಹೆಸರು ಹೋಗುವುದಿಲ್ಲವಲ್ಲ, ಹಾಗೆಯೇ. ಹೆಸರು ಕೇಳಿ ಹಿಂದಿನ ಯಜಮಾನರ ಊಟೋಪಚಾರ ನಿರೀಕ್ಷಿಸಿ ಹೋದರೆ ಬಾಗಿಲು ತೆರೆಯುವವರು ಇನ್ಯಾರೋ ಆಗಿರುತ್ತಾರೆ.

ತಳದ ಆಕಾರ ಬದಲಾದ ವರ್ಷ

ಆ ಕಾಲದ ಬಹುತೇಕ ವೇಗದ ಬೋಟುಗಳಿಗೆ ಒಂದು ಕೊರತೆ ಇತ್ತು. ಮುಂಭಾಗದಲ್ಲಿ ತಳ ಚೂಪಾಗಿದ್ದರೂ ಹಿಂದಕ್ಕೆ ಹೋಗುತ್ತಾ ಚಪ್ಪಟೆಯಾಗುತ್ತಿತ್ತು. ನದಿಯಲ್ಲಿ, ಕೆರೆಯಲ್ಲಿ ಇದು ಸರಿ. ಕಡಲಿನ ಅಲೆಯ ಮೇಲೆ ವೇಗವಾಗಿ ಹೋದರೆ ತಳ ನೀರಿಗೆ ಬಡಿದು ಬೆನ್ನುಮೂಳೆ ಮುರಿಯುವ ಹಾಗಾಗುತ್ತಿತ್ತು.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಬಕೆಟ್ ನೀರಿಗೆ ಅಂಗೈಯನ್ನು ಚಪ್ಪಟೆಯಾಗಿ ಬಡಿಯಿರಿ, ಉರಿಯುತ್ತದೆ. ಅದೇ ಕೈಯನ್ನು ಅಡ್ಡವಾಗಿ ಹಿಡಿದು ಕಿರುಬೆರಳಿನ ಕಡೆಯಿಂದ ಇಳಿಸಿರಿ. ನೀರು ಸೀಳಿ ದಾರಿ ಬಿಡುತ್ತದೆ.

ರೇಮಂಡ್ ಹಂಟ್ ಎಂಬ ವಿನ್ಯಾಸಕಾರ ಮಾಡಿದ್ದು ಇದನ್ನೇ. ಬೋಟಿನ ತಳವನ್ನು ಮುಂದಿನಿಂದ ಹಿಂದಿನ ಪಲಗೆಯವರೆಗೂ ಇಂಗ್ಲಿಷಿನ ವಿ ಅಕ್ಷರದ ಹಾಗೆ ಆಳವಾಗಿಯೇ ಇಟ್ಟ. ತಳದ ಓರೆ ಸುಮಾರು 24 ಡಿಗ್ರಿ. ಅದರ ಉದ್ದಕ್ಕೂ ಸಣ್ಣ ಪಟ್ಟಿಗಳನ್ನು ಇಟ್ಟ; ಅವು ನೀರನ್ನು ಕೆಳಕ್ಕೆ ತಳ್ಳಿ ಬೋಟನ್ನು ಮೇಲೆತ್ತುತ್ತವೆ. 1958ರಲ್ಲಿ ನ್ಯೂಪೋರ್ಟ್‌ನ ಅಮೆರಿಕಾ ಕಪ್ ಹಾಯಿದೋಣಿ ಸ್ಪರ್ಧೆಯ ಸಮಯದಲ್ಲಿ ಇಂಥದೊಂದು ಸಣ್ಣ ಬೋಟು ಅಲೆಗಳ ಮೇಲೆ ಸಲೀಸಾಗಿ ಓಡುವುದನ್ನು ರಿಚರ್ಡ್ ಬರ್ಟ್ರಮ್ ಎಂಬ ಬೋಟು ವ್ಯಾಪಾರಿ ಕಂಡ. ತನಗೂ ಒಂದು ಬೇಕೆಂದ. 31 ಅಡಿಯ ಮರದ ಬೋಟು ತಯಾರಾಯಿತು. ಅದಕ್ಕೆ ಹೆಂಡತಿಯ ಅಡ್ಡಹೆಸರನ್ನೇ ಇಟ್ಟ: ಮೊಪಿ.

1960ರ ಮಯಾಮಿ–ನಸಾವ್ ರೇಸಿನ ದಿನ ಕಡಲು ಕೆರಳಿತ್ತು. ಫ್ಲೋರಿಡಾದ ಮಯಾಮಿಯಿಂದ ಬಹಾಮಾಸ್ ದ್ವೀಪಗಳ ನಸಾವ್‌ಗೆ ಸುಮಾರು 300 ಕಿಲೋಮೀಟರ್. ಮೊಪಿ ಸುಮಾರು 8 ಗಂಟೆಗಳಲ್ಲಿ ತಲುಪಿತು. ಎರಡನೆಯದಾಗಿ ಬಂದದ್ದೂ ಆಳದ ವಿ ತಳದ ಬೋಟೇ. ಮೂರನೆಯದು ಬಂದದ್ದು ಮರುದಿನ! ಆ ಒಂದು ದಿನದಲ್ಲಿ ಕಡಲ ಬೋಟಿನ ತಳ ಹೇಗಿರಬೇಕು ಎಂಬ ವಾದ ಮುಗಿಯಿತು.

ಬರ್ಟ್ರಮ್ ಅಲ್ಲಿಗೇ ನಿಲ್ಲಲಿಲ್ಲ. ಆ ಮರದ ಮೊಪಿಯಿಂದಲೇ ಅಚ್ಚು ತೆಗೆದು ಫೈಬರ್‌ಗ್ಲಾಸ್‌ನಲ್ಲಿ ಬರ್ಟ್ರಮ್ 31 ಎಂಬ ಬೋಟುಗಳನ್ನು ತಯಾರಿಸಿ ಮಾರತೊಡಗಿದ. ನಮ್ಮ ಕಥೆಗೆ ಇದು ಬಹಳ ಮುಖ್ಯ. ಮರದ ಕಾಲದಲ್ಲಿ ಒಂದೊಂದು ಬೋಟೂ ಒಬ್ಬ ಬಡಗಿಯ ಕೈಯ ಕೆಲಸ. ಫೈಬರ್ ಕಾಲದಲ್ಲಿ ಬೋಟಿನ ಆತ್ಮ ಇರುವುದು ಅಚ್ಚಿನಲ್ಲಿ. ಅಚ್ಚನ್ನು ಮಾರಬಹುದು, ಸಾಗಿಸಬಹುದು, ಕದಿಯಲೂಬಹುದು.

ಇದೇ ಸುಮಾರಿಗೆ ಜಿಮ್ ವಿನ್ ಎಂಬ ಎಂಜಿನಿಯರ್ ಇನ್ನೊಂದು ದಾರಿ ತೋರಿಸಿದ. ಎಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಹಿಂಬದಿಯ ಪಲಗೆಯ ಹೊರಗೆ. ಬೇಕಾದಾಗ ಅದನ್ನು ಮೇಲೆತ್ತಬಹುದು. ಇದಕ್ಕೆ ಸ್ಟರ್ನ್ ಡ್ರೈವ್ ಎನ್ನುತ್ತಾರೆ. 1959ರಲ್ಲಿ ವೋಲ್ವೊ ಪೆಂಟಾ ಅದನ್ನು ಮಾರುಕಟ್ಟೆಗೆ ತಂದಿತು. 1961ರಲ್ಲಿ ಮರ್ಕ್ರೂಸರ್ ಬಂತು. ಅಂದಹಾಗೆ, 1960ರ ರೇಸಿನಲ್ಲಿ ಎರಡನೆಯದಾಗಿ ಬಂದ ಬೋಟಿನಲ್ಲಿದ್ದವನೂ ಈ ಜಿಮ್ ವಿನ್ನೇ.

ಒಂದು ಬೀದಿ, ಒಬ್ಬ ಮನುಷ್ಯ

ಈಗ ಬರುತ್ತಾನೆ ಡಾನ್ ಅರೊನೊ. 1927ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವನು. ನ್ಯೂಜೆರ್ಸಿಯಲ್ಲಿ ಕಟ್ಟಡದ ಕಂಟ್ರಾಕ್ಟಿನಲ್ಲಿ ದುಡ್ಡು ಮಾಡಿ, ಎಳೆಯ ವಯಸ್ಸಿನಲ್ಲೇ ವಿಶ್ರಾಂತಿ ಎಂದು ಮಯಾಮಿಗೆ ಬಂದ. ಬಂದವನಿಗೆ ಬೋಟ್ ರೇಸಿನ ಗೀಳು ಹಿಡಿಯಿತು.

1962ರಲ್ಲಿ ಫಾರ್ಮುಲಾ ಎಂಬ ಕಂಪೆನಿ ಕಟ್ಟಿದ. ಎರಡು ವರ್ಷಗಳಲ್ಲಿ ಅದನ್ನು ಮಾರಿದ. 1964ರಲ್ಲಿ ಡೊಂಜಿ ಕಟ್ಟಿದ, ಮರುವರ್ಷವೇ ಮಾರಿದ. 1966ರಲ್ಲಿ ಮ್ಯಾಗ್ನಮ್ ಕಟ್ಟಿದ. 1968ರಲ್ಲಿ ಅದನ್ನೂ ಮಾರಿದ. ಆ ದಶಕ ಮುಗಿಯುವ ಹೊತ್ತಿಗೆ ಸಿಗರೆಟ್ ಎಂಬ ಹೆಸರು ಹುಟ್ಟಿತು. ಮದ್ಯ ನಿಷೇಧದ ಕಾಲದಲ್ಲಿ ಕಳ್ಳಸಾಗಣೆದಾರರನ್ನೇ ದೋಚುತ್ತಿದ್ದ ಒಂದು ಬೋಟಿನ ಹೆಸರು ಅದೆಂದು ಆತ ಹೇಳುತ್ತಿದ್ದ. ಸಿಗರೆಟ್ಟನ್ನು 1982ರಲ್ಲಿ ಮಾರಿ ಮತ್ತೆ ಯುಎಸ್ಎ ರೇಸಿಂಗ್ ಟೀಮ್ ಎಂಬ ಕಂಪೆನಿ ತೆರೆದ.

ಇವೆಲ್ಲ ಬೆಳೆದದ್ದು ಮಯಾಮಿಯ ಉತ್ತರ ಭಾಗದ ಈಶಾನ್ಯ 188ನೆಯ ಬೀದಿಯಲ್ಲಿ. ಕಾಲುವೆಯ ಬದಿಯ ಸಣ್ಣ ಬೀದಿ ಅದು. ಜನ ಅದನ್ನು ಥಂಡರ್‌ಬೋಟ್ ರೋ, ಅಂದರೆ ಗುಡುಗಿನ ಬೋಟುಗಳ ಸಾಲು ಎಂದು ಕರೆದರು.

ಆತನ ವ್ಯಾಪಾರದ ರೀತಿ ಸರಳ. ಕಂಪೆನಿ ಕಟ್ಟು, ರೇಸಿನಲ್ಲಿ ಗೆಲ್ಲು, ಗೆದ್ದ ಹೆಸರನ್ನು ಒಳ್ಳೆ ಬೆಲೆಗೆ ಮಾರು, ಮತ್ತೆ ಅದೇ ಬೀದಿಯಲ್ಲಿ ಹೊಸ ಹೆಸರಿನಲ್ಲಿ ಬೋಟು ಕಟ್ಟು. 1967ರಲ್ಲಿಯೂ 1969ರಲ್ಲಿಯೂ ಆತ ಕಡಲ ರೇಸಿನ ವಿಶ್ವ ಚಾಂಪಿಯನ್ ಆದ. ಗೆದ್ದವನು ತಾನೇ ಕಟ್ಟಿದ ಬೋಟು ಎಂದ ಮೇಲೆ ಕೊಳ್ಳಲು ಜನ ಸಾಲು ನಿಲ್ಲದಿರುತ್ತಾರೆಯೇ? ಕೊಂಡ ಸಂಸ್ಥೆಗಳಿಗೆ ಸಿಕ್ಕಿದ್ದು ಹೆಸರು, ಅಚ್ಚುಗಳು, ಕಟ್ಟಡ. ಅರೊನೊನ ಕಣ್ಣು, ಕಡಲಿನಲ್ಲಿ ತಾನೇ ಓಡಿಸಿ ನೋಡಿ ತಿದ್ದುವ ಹಟ ಮಾತ್ರ ಪ್ರತಿ ಸಲವೂ ಆತನ ಜೊತೆಯೇ ಪಕ್ಕದ ಕಟ್ಟಡಕ್ಕೆ ನಡೆದುಹೋಗುತ್ತಿತ್ತು.

ಆದ್ದರಿಂದ 1965ರ ಡೊಂಜಿ ಮತ್ತು 1975ರ ಡೊಂಜಿ ಎರಡನ್ನೂ ಮುಂದಿಟ್ಟು ಹಳೆಯ ಬೋಟು ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ ಡೊಂಜಿ ಒಳ್ಳೆಯದೇ ಎಂಬುದಲ್ಲ. ಈ ಡೊಂಜಿ ಕಟ್ಟುವಾಗ ಅಂಗಡಿಯಲ್ಲಿ ಯಾರಿದ್ದರು ಎಂಬುದು.

ಅರೊನೊನ ಅಂತ್ಯ ದಾರುಣ. 1980ರ ದಶಕದಲ್ಲಿ ಮಾದಕವಸ್ತು ಸಾಗಿಸುವವರಿಗೂ ಅವರನ್ನು ಹಿಡಿಯುವವರಿಗೂ ಬೇಕಾಗಿದ್ದದ್ದು ಆ ಬೀದಿಯ ಬೋಟುಗಳೇ. ಕಸ್ಟಮ್ಸ್ ಇಲಾಖೆಗಾಗಿ ಆತ ಬ್ಲೂ ಥಂಡರ್ ಎಂಬ ಜೋಡಿ ತಳದ ಬೋಟುಗಳನ್ನು ಕಟ್ಟಿಕೊಟ್ಟ. 1987ರ ಫೆಬ್ರವರಿ 3ರಂದು ಅದೇ 188ನೆಯ ಬೀದಿಯಲ್ಲಿ, ತನ್ನ ಕಾರಿನಲ್ಲಿ ಕುಳಿತಿದ್ದಾಗ, ಗುಂಡೇಟಿಗೆ ಬಲಿಯಾದ. ಆತನ ಹೆಸರಿಗಿಂತ ಆತ ಇಟ್ಟ ಹೆಸರುಗಳು ಹೆಚ್ಚು ಕಾಲ ಬಾಳಿದವು.

ಹೆಸರುಗಳ ವಲಸೆ

ಆ ಹೆಸರುಗಳು ಆಮೇಲೆ ಎಲ್ಲೆಲ್ಲಿಗೆ ಹೋದವು ನೋಡಿ.

ಫಾರ್ಮುಲಾವನ್ನು 1976ರಲ್ಲಿ ಪೋರ್ಟರ್ ಕುಟುಂಬ ಕೊಂಡಿತು. ಅವರು ಅದನ್ನು ಕಡಲೇ ಇಲ್ಲದ ಇಂಡಿಯಾನಾ ರಾಜ್ಯದ ಡೆಕೇಟರ್ ಎಂಬ ಊರಿಗೆ ಒಯ್ದರು. ರೇಸಿನ ಒರಟು ಬೋಟು ನಿಧಾನವಾಗಿ ಕುಟುಂಬಗಳು ಮೆಚ್ಚುವ, ಅಚ್ಚುಕಟ್ಟಾದ, ಭಾರವಾದ ಬೋಟಾಯಿತು. ಇಲ್ಲಿ ಒಂದು ಒಳ್ಳೆಯ ಮಾತೂ ಇದೆ. ಕೈ ಬದಲಾದರೆ ಗುಣ ಕೆಡಲೇಬೇಕೆಂದಿಲ್ಲ. ಒಂದೇ ಕುಟುಂಬ ದಶಕಗಳ ಕಾಲ ನಡೆಸಿದ್ದರಿಂದ ಹಳೆಯ ಫಾರ್ಮುಲಾ ಕೊಳ್ಳುವವರಿಗೆ ಒಂದು ನಿರಂತರತೆಯ ಭರವಸೆ ಸಿಕ್ಕಿತು.

ಮ್ಯಾಗ್ನಮ್ ಅದೇ 1976ರಲ್ಲಿ ಇಟಲಿಯ ಫಿಲಿಪ್ಪೊ ತಿಯೊಡೊಲಿ ಎಂಬ ಶ್ರೀಮಂತನ ಪಾಲಾಯಿತು. ಆತನ ನಂತರ ಪತ್ನಿ ಕ್ಯಾಟ್ರಿನ್ ನಡೆಸಿದಳು. ಅದು ಯೂರೋಪಿನ ಸಿರಿವಂತರ ದೊಡ್ಡ ವೇಗದ ನೌಕೆಯಾಗಿ ಬೆಳೆಯಿತು.

ಸಿಗರೆಟ್ 2002ರಲ್ಲಿ ಸ್ಕಿಪ್ ಬ್ರೇವರ್ ಎಂಬುವನ ಕೈಗೆ ಬಂತು. ಕಾರ್ಖಾನೆ ಮಯಾಮಿಯ ಹತ್ತಿರದ ಓಪಾ-ಲಾಕಾಗೆ ಹೋಯಿತು. ಇಂಗ್ಲಿಷಿನಲ್ಲಿ ಈಗ ಈ ಜಾತಿಯ ಯಾವ ಬೋಟನ್ನೂ ಸಿಗರೆಟ್ ಬೋಟು ಎಂದೇ ಕರೆಯುವುದುಂಟು, ನಮ್ಮಲ್ಲಿ ಯಾವ ಕಂಪೆನಿಯ ಫೋಟೊಕಾಪಿಗೂ ಜೆರಾಕ್ಸ್ ಎನ್ನುವಂತೆ. ಜಾಹೀರಾತಿನಲ್ಲಿ ಸಿಗರೆಟ್ ಬೋಟು ಮಾರಾಟಕ್ಕಿದೆ ಎಂದು ಬರೆದಿದ್ದರೆ ಅದು ಸಿಗರೆಟ್ ಕಂಪೆನಿಯದೇ ಆಗಿರಬೇಕೆಂದಿಲ್ಲ!

ಇವರಿಗೆ ಎದುರಾಗಿ ನಿಂತವನು ರೆಜಿ ಫೌಂಟನ್. ರೇಸುಗಾರನಾಗಿದ್ದ ಈತ 1979ರಲ್ಲಿ ಉತ್ತರ ಕೆರೊಲಿನಾದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಕಂಪೆನಿ ತೆರೆದ. ಆಳದ ವಿ ತಳದ ನಡುವೆ, ಹಿಂಭಾಗದಲ್ಲಿ, ಕಿರಿದಾದ ಚಪ್ಪಟೆ ಪಟ್ಟಿಯನ್ನಿಟ್ಟು, ಹಿಂಬದಿಯ ಪಲಗೆಯ ಕೆಳಗೆ ಒಂದು ಕಚ್ಚು ಕೊಟ್ಟ. ವೇಗದಲ್ಲಿ ಬೋಟು ಆ ಪಟ್ಟಿಯ ಮೇಲೆ ಎದ್ದು ಓಡುತ್ತದೆ. ಅಷ್ಟೇ ಅಶ್ವಶಕ್ತಿಗೆ ಹೆಚ್ಚು ವೇಗ ಸಿಗುತ್ತದೆ. ಅಮೆರಿಕದ ಅಧ್ಯಕ್ಷನಾಗಿದ್ದ ಹಿರಿಯ ಜಾರ್ಜ್ ಬುಷ್ ಮೊದಲು ಅರೊನೊ ಕಟ್ಟಿದ 28 ಅಡಿಯ ಸಿಗರೆಟ್ ಬೋಟನ್ನು ಇಟ್ಟುಕೊಂಡಿದ್ದ. ಅದರ ಹೆಸರು ಫಿಡೆಲಿಟಿ. ಮುಂದೆ ಅದೇ ಫಿಡೆಲಿಟಿ ಎಂಬ ಹೆಸರನ್ನು ಫೌಂಟನ್ ಕಟ್ಟಿದ ಬೋಟುಗಳಿಗೆ ಇಟ್ಟ. ಬೋಟು ಬಲ್ಲ ಒಬ್ಬ ಗಿರಾಕಿ ಎರಡು ಹೆಸರುಗಳನ್ನು ಹೋಲಿಸಿ ಒಂದರಿಂದ ಇನ್ನೊಂದಕ್ಕೆ ಹೋದ ಉದಾಹರಣೆ ಇದು.

ಆದರೆ ಫೌಂಟನ್ ಕಥೆಯೂ ನೇರವಾಗಿ ಸಾಗಲಿಲ್ಲ. 2008ರಲ್ಲಿ ಅದು ಓಹಾಯೊ ರಾಜ್ಯದ ಬಾಹಾ ಎಂಬ ಅಗ್ಗದ ವೇಗದ ಬೋಟಿನ ಹೆಸರನ್ನು ಕೊಂಡಿತು. ಆರ್ಥಿಕ ಕುಸಿತ ಬಂತು. 2009ರಲ್ಲಿ ಫೌಂಟನ್ ತಾನೇ ದಿವಾಳಿ ಕಾನೂನಿನ ಆಸರೆ ಪಡೆಯಬೇಕಾಯಿತು. 2010ರ ದಶಕದಲ್ಲಿ ಫೌಂಟನ್, ಬಾಹಾ, ಡೊಂಜಿ ಮೂರೂ ಒಂದೇ ಒಡೆತನದಲ್ಲಿ, ಒಂದೇ ಊರಿನಲ್ಲಿ ಇದ್ದವು. ಒಂದು ಕಾಲದಲ್ಲಿ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಸೆಳೆಯುತ್ತಿದ್ದ ಹೆಸರುಗಳು ಒಂದೇ ಸೂರಿನಡಿ ಬಂದವು.

ಎಲ್ಲಕ್ಕಿಂತ ವಿಚಿತ್ರವಾದದ್ದು ಸ್ಕಾರಬ್ ಎಂಬ ಹೆಸರಿನ ಪಯಣ. 1984ರಿಂದ ಪ್ರಸಾರವಾದ ಮಯಾಮಿ ವೈಸ್ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ನಾಯಕ ಮೊದಲು ಕ್ರಿಸ್-ಕ್ರಾಫ್ಟ್ ಸ್ಟಿಂಗರ್ ಓಡಿಸುತ್ತಿದ್ದ. ಆಮೇಲೆ ವೆಲ್‌ಕ್ರಾಫ್ಟ್ ಕಂಪೆನಿಯ 38 ಅಡಿಯ ಸ್ಕಾರಬ್. ಧಾರಾವಾಹಿಯಿಂದಾಗಿ ಸ್ಕಾರಬ್ ಮನೆಮಾತಾಯಿತು. 2013ರ ಹೊತ್ತಿಗೆ ಅದೇ ಸ್ಕಾರಬ್ ಹೆಸರು ಸಣ್ಣ ಜೆಟ್ ಬೋಟುಗಳ ಮೇಲೆ ಬಂತು. ಪ್ರೊಪೆಲ್ಲರೇ ಇಲ್ಲದ, ಸರೋವರದಲ್ಲಿ ಕುಟುಂಬದೊಂದಿಗೆ ಆಟವಾಡುವ ಬೋಟುಗಳು ಅವು. ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಬೇರೆ ಎಂದಷ್ಟೇ ಹೇಳುತ್ತಿದ್ದೇನೆ.

ಒಂದೇ ತಳ, ಬೇರೆ ಹೆಸರು

ಇದುವರೆಗೆ ಹೆಸರು ಒಂದೇ, ಬೋಟು ಬೇರೆ ಎಂಬ ಮಾತಾಯಿತು. ಇದರ ತಿರುಗುಮುರುಗೂ ಉಂಟು. ಬೋಟು ಒಂದೇ, ಹೆಸರು ಬೇರೆ!

ಫೈಬರ್ ಬೋಟನ್ನು ನಕಲು ಮಾಡುವುದು ಸುಲಭ. ಬೇರೆಯವರ ಬೋಟೊಂದನ್ನು ಕೊಂಡು, ಅದರ ಮೇಲೆಯೇ ಫೈಬರ್ ಹಾಸಿ ಅಚ್ಚು ತೆಗೆದರೆ ಆಯಿತು. ವರ್ಷಗಟ್ಟಲೆ ಪ್ರಯೋಗ ಮಾಡಿ ರೂಪಿಸಿದ ತಳ ಕೆಲವೇ ದಿನಗಳಲ್ಲಿ ಇನ್ನೊಬ್ಬರದಾಗುತ್ತದೆ. ಬೋಟು ಕಟ್ಟುವವರ ಭಾಷೆಯಲ್ಲಿ ಇದಕ್ಕೆ ಸ್ಪ್ಲ್ಯಾಷ್ ಎಂದು ಹೆಸರು. ಇದನ್ನು ತಡೆಯಲು ಫ್ಲೋರಿಡಾ ರಾಜ್ಯ 1983ರಲ್ಲಿ ಕಾನೂನು ಮಾಡಿತು. ಬೊನಿಟೊ ಬೋಟ್ಸ್ ಎಂಬ ಕಂಪೆನಿ ಆ ಕಾನೂನಿನ ಮೇಲೆ ಥಂಡರ್ ಕ್ರಾಫ್ಟ್ ಬೋಟ್ಸ್ ವಿರುದ್ಧ ದಾವೆ ಹೂಡಿತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನೇ ಅಸಿಂಧು ಎಂದಿತು. ಪೇಟೆಂಟ್ ಇಲ್ಲದೆ ಬಹಿರಂಗವಾಗಿ ಮಾರಿದ ವಿನ್ಯಾಸಕ್ಕೆ ರಾಜ್ಯವೊಂದು ಪೇಟೆಂಟಿನಂಥ ರಕ್ಷಣೆ ಕೊಡುವಂತಿಲ್ಲ ಎಂಬುದು ತೀರ್ಪಿನ ಸಾರ. ಮುಂದೆ 1998ರಲ್ಲಿ ಅಮೆರಿಕದ ಸಂಸತ್ತು ಬೋಟಿನ ತಳದ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ ರಕ್ಷಣೆ ಕೊಡುವ ಪ್ರತ್ಯೇಕ ಕಾನೂನು ತಂದಿತು.

ಇದರ ಅರ್ಥವೇನು? ಎಲ್ಲೂ ಕೇಳಿರದ ಹೆಸರಿನ ಹಳೆಯ ಬೋಟಿಗೆ ಬಹಳ ಒಳ್ಳೆಯ ತಳ ಇರಬಹುದು. ಆದರೆ ಆಕಾರ ನಕಲಾದ ಮಾತ್ರಕ್ಕೆ ಒಳಗಿನ ಕಟ್ಟಡ ನಕಲಾಗುವುದಿಲ್ಲ. ಎಷ್ಟು ಪದರ ಫೈಬರ್ ಹಾಸಿದ್ದಾರೆ, ಉದ್ದಕ್ಕೆ ಹಾಕುವ ತೊಲೆಗಳು ಎಷ್ಟು ಗಟ್ಟಿ, ಇವನ್ನು ಅಚ್ಚು ಹೇಳುವುದಿಲ್ಲ.

ಹಾಗಾದರೆ ಹೋಲಿಸುವುದು ಹೇಗೆ?

ಮೊದಲನೆಯದು, ಬೋಟಿನ ಶಾಸನ. ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಪ್ರತಿ ಬೋಟಿಗೂ 12 ಅಕ್ಷರ ಮತ್ತು ಅಂಕೆಗಳ ಗುರುತಿನ ಸಂಖ್ಯೆ ಕಡ್ಡಾಯವಾಯಿತು. ಹಿಂಬದಿಯ ಪಲಗೆಯ ಬಲ ಮೇಲ್ಭಾಗದಲ್ಲಿ ಅದನ್ನು ಕೊರೆದಿರುತ್ತಾರೆ. ಮೊದಲ ಮೂರು ಅಕ್ಷರಗಳು ಕಟ್ಟಿದವರ ಗುರುತು. ನಂತರದ ಐದು ಬೋಟಿನ ಕ್ರಮಸಂಖ್ಯೆ. 1984ರ ನಂತರದ ಬೋಟುಗಳಲ್ಲಿ ಮುಂದಿನ ಎರಡು ಕಟ್ಟಿದ ತಿಂಗಳು ಮತ್ತು ವರ್ಷ, ಕೊನೆಯ ಎರಡು ಮಾದರಿಯ ವರ್ಷ. ಅದೇ ಸಂಖ್ಯೆಯನ್ನು ಬೋಟಿನ ಇನ್ನೊಂದು ಗುಪ್ತ ಜಾಗದಲ್ಲೂ ಬರೆದಿರುತ್ತಾರೆ. ಬದಿಯ ಬಣ್ಣದ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು. ಈ ಸಂಖ್ಯೆಯನ್ನು ಓದಿ, ಆ ವರ್ಷದಲ್ಲಿ ಕಂಪೆನಿ ಯಾರ ಕೈಯಲ್ಲಿತ್ತು ಎಂದು ನೋಡಿದರೆ ಹೆಸರಿನ ನಿಜವಾದ ಬೆಲೆ ತಿಳಿಯುತ್ತದೆ. ಚರಿತ್ರೆಯ ವಿದ್ಯಾರ್ಥಿ ಶಾಸನದ ಕಾಲ ನೋಡಿ ಅದು ಯಾವ ಅರಸನದ್ದು ಎಂದು ನಿರ್ಧರಿಸುತ್ತಾನಲ್ಲ, ಅದೇ ಕ್ರಮ.

ಎರಡನೆಯದು, ಯಾವ ನೀರಿಗೆ? 24 ಡಿಗ್ರಿ ಓರೆಯ ಹಳೆಯ ಸಿಗರೆಟ್ ಕೆರಳಿದ ಕಡಲಿನಲ್ಲಿ ಮೆತ್ತಗೆ ಓಡುತ್ತದೆ. ಆದರೆ ಹೆಚ್ಚು ಶಕ್ತಿ, ಹೆಚ್ಚು ಪೆಟ್ರೋಲ್ ಬೇಡುತ್ತದೆ, ನಿಂತಾಗ ಹೊಯ್ದಾಡುತ್ತದೆ. ಫೌಂಟನ್ ಅದೇ ಎಂಜಿನ್‌ಗೆ ಹೆಚ್ಚು ವೇಗ ಕೊಡುತ್ತದೆ. ಆದರೆ ಆ ಪಟ್ಟಿಯ ಮೇಲೆ ಬೋಟನ್ನು ಸಮತೋಲನದಲ್ಲಿ ಇಡಲು ಓಡಿಸುವವನಿಗೆ ಅಭ್ಯಾಸ ಬೇಕು. ಫಾರ್ಮುಲಾ ಭಾರ, ವೇಗ ಸ್ವಲ್ಪ ಕಡಿಮೆ, ಸೌಕರ್ಯ ಹೆಚ್ಚು. ಬಾಹಾ ಸರೋವರಕ್ಕೆ, ಸಣ್ಣ ಜೇಬಿಗೆ. ಸಣ್ಣ ಡೊಂಜಿ ಇಬ್ಬರು ಮೂವರಿಗೆ ಚಂದ. ಒಂದು ಇನ್ನೊಂದಕ್ಕಿಂತ ಮೇಲು ಎನ್ನುವ ಮೊದಲು ಎಲ್ಲಿ ಓಡಿಸುತ್ತೀರಿ ಎಂದು ಕೇಳಬೇಕು.

ಮೂರನೆಯದು, ಎಂಜಿನ್. ಸ್ವಾರಸ್ಯವೆಂದರೆ 1980, 90ರ ದಶಕಗಳ ಈ ಬೋಟುಗಳಲ್ಲಿ ಬಹುಪಾಲು ಎಲ್ಲದರ ಒಳಗೂ ಇದ್ದದ್ದು ಒಂದೇ ಜಾತಿಯ ಎಂಜಿನ್: ಜನರಲ್ ಮೋಟರ್ಸ್‌ನ ದೊಡ್ಡ ವಿ-8 ಎಂಜಿನ್‌ಗಳನ್ನು ಕಡಲಿಗೆ ಹೊಂದಿಸಿದ ಮರ್ಕ್ರೂಸರ್. 7.4 ಲೀಟರ್, 8.2 ಲೀಟರ್ ಎಂಬ ಗಾತ್ರಗಳು. ಹೆಸರು ಹೆಸರುಗಳ ನಡುವೆ ಜಗಳವಾಡುವವರು ಇದನ್ನು ಮರೆಯುತ್ತಾರೆ. ಆದ್ದರಿಂದ ಹಳೆಯ ಎಂಜಿನ್‌ನಲ್ಲಿ ನೋಡಬೇಕಾದದ್ದು ಅದು ಎಷ್ಟು ಗಂಟೆ ಓಡಿದೆ, ಉಪ್ಪು ನೀರಿನಲ್ಲಿ ಓಡಿದ ಬಳಿಕ ಸಿಹಿನೀರಿನಲ್ಲಿ ತೊಳೆದಿದ್ದಾರೆಯೇ, ಪ್ರತಿ ಸಿಲಿಂಡರಿನ ಒತ್ತಡ ಸಮವಾಗಿದೆಯೇ, ಗೇರಿನ ಎಣ್ಣೆಯಲ್ಲಿ ಹಾಲಿನ ಬಣ್ಣ ಬಂದಿದೆಯೇ ಎಂಬುದನ್ನು. ಹಾಲಿನ ಬಣ್ಣವೆಂದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ. ಗಂಟೆ ಕಡಿಮೆ ಎಂದು ಹಿಗ್ಗುವುದೂ ಬೇಡ. ವರ್ಷಗಟ್ಟಲೆ ಓಡದೆ ನಿಂತ ಎಂಜಿನ್ ಓಡಿದ ಎಂಜಿನ್‌ಗಿಂತ ಹಾಳಾಗಿರಬಹುದು.

ನಾಲ್ಕನೆಯದು, ಹೆಸರಿನ ಒಳಗಿನ ಮರ. ಹಳೆಯ ಫೈಬರ್ ಬೋಟುಗಳಲ್ಲಿ ಹಿಂಬದಿಯ ಪಲಗೆಯೊಳಗೆ, ಉದ್ದದ ತೊಲೆಗಳೊಳಗೆ ಪ್ಲೈವುಡ್ ಇರುತ್ತದೆ. ಕೆಲವುಗಳ ಮೈಯೊಳಗೆ ಬಾಲ್ಸಾ ಎಂಬ ಹಗುರ ಮರವೂ ಉಂಟು. ಒಂದು ಬೋಲ್ಟಿನ ತೂತು ಸರಿಯಾಗಿ ಮುಚ್ಚದಿದ್ದರೆ ಅಲ್ಲಿಂದ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಹೊರಗಿನ ಹೊಳಪು ಹಾಗೇ ಇರುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ; ಕೊಳೆತ ಜಾಗ ಧಪ್ ಎನ್ನುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡುವ ನಮಗೆ ಈ ವಿದ್ಯೆ ಹೊಸದಲ್ಲ. ತೇವಾಂಶ ಅಳೆಯುವ ಮೀಟರೂ ಇದೆ. ಸರ್ವೇಯರ್ ಎಂಬ ಪರಿಣತನನ್ನು ಕರೆಸಿ, ಬೋಟನ್ನು ನೀರಿನಿಂದ ಎತ್ತಿಸಿ ನೋಡಿ, ಆಮೇಲೆ ನೀರಿಗಿಳಿಸಿ ಓಡಿಸಿ ನೋಡಿಯೇ ಹಣ ಕೊಡುವುದು ಅಲ್ಲಿನ ಅನುಭವಿಗಳ ರೂಢಿ.

ಈ ನಾಲ್ಕರಲ್ಲಿ ಹೆಸರಿನ ಪಾತ್ರ ಎಷ್ಟು? ಹೆಸರು ಮೊದಲ ಪ್ರಶ್ನೆಯನ್ನು ಎತ್ತಿಕೊಡುತ್ತದೆ. ಉತ್ತರ ಕೊಡುವುದಿಲ್ಲ.

ಮತ್ತೆ ತರಗತಿಗೆ

ಓದಿ ಮುಗಿಸಿದ ಮೇಲೆ ಆ ಹುಡುಗನಿಗೆ ಹೇಳಿದೆ: ಹೆಸರು ನೋಡುವುದು ತಪ್ಪಲ್ಲ ಮಗಾ, ಹೆಸರನ್ನು ಮಾತ್ರ ನೋಡುವುದು ತಪ್ಪು. ಹೆಸರು ಎಂದರೆ ಹಿಂದೆ ಯಾರೋ ಚೆನ್ನಾಗಿ ಮಾಡಿದ ಕೆಲಸದ ನೆನಪು. ಆ ಕೆಲಸ ಮಾಡಿದವರು ಈ ದೋಣಿ ಕಟ್ಟುವಾಗ ಇದ್ದರೋ ಇಲ್ಲವೋ ಎಂದು ಕೇಳುವುದೇ ಚರಿತ್ರೆಯ ಕೆಲಸ. ಯಾವಾಗ, ಎಲ್ಲಿ, ಯಾರು, ಸಾಕ್ಷಿ ಏನು. ಪರೀಕ್ಷೆಗೆಂದು ನಾವು ಬಾಯಿಪಾಠ ಮಾಡುವ ಈ ನಾಲ್ಕು ಪ್ರಶ್ನೆಗಳು ಒಂದು ಮನೆಯ ಚಿನ್ನವನ್ನು ಉಳಿಸಬಲ್ಲವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ ತಟ್ಟಿ ನೋಡಿರಲಿಲ್ಲ ಸರ್" ಎಂದ.

ಆ ದೋಣಿಗೆ ಈಗ ಹೊಸ ಪಲಗೆ ಹಾಕಿಸಿದ್ದಾರೆ. ಕೆಲಸ ನಡೆಯುವಾಗ ಹುಡುಗ ರಜೆಯಲ್ಲಿ ಅಲ್ಲೇ ನಿಂತಿದ್ದ. ಹಳೆಯ ಪ್ಲೈವುಡ್ಡಿನ ಒಂದು ತುಂಡನ್ನು ಶಾಲೆಗೆ ತಂದು ಕೊಟ್ಟ. ಹೊರಗಿನ ಪದರ ಗಟ್ಟಿ, ಒಳಗಿನದು ಬೆರಳಿಗೆ ಪುಡಿಯಾಗುತ್ತದೆ. ನಮ್ಮ ಚರಿತ್ರೆಯ ಕಪಾಟಿನಲ್ಲಿ ನಾಣ್ಯಗಳ ಪಕ್ಕದಲ್ಲಿ ಅದನ್ನು ಇಟ್ಟಿದ್ದೇವೆ. ಸಾಕ್ಷ್ಯಾಧಾರ ಎಂದರೇನು ಎಂದು ಮಕ್ಕಳು ಕೇಳಿದಾಗ ನಾನು ಈಗ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.